ಉಂಡದ್ದು ಮೈಗೆ ಹತ್ತದಿದ್ದರೆ

"ಮಗು ತಿನ್ನುವುದಕ್ಕೇನೂ ಕಡಿಮೆಯಿಲ್ಲ, ತಿಂದದ್ದು ಮಾತ್ರ ಮೈಗೆ ಹತ್ತುತ್ತಿಲ್ಲ." ಹೊಳಲ್ಕೆರೆ, ಹೊಸದುರ್ಗಗಳ ಕಡೆ ನಾಲ್ವರು ತಾಯಂದಿರು ಒಂದೆಡೆ ಕಲೆತಾಗ ಈ ಮಾತು ಬಾರದಿರುವುದು ಅಪರೂಪ. ರಾಗಿಮುದ್ದೆ, ಸಾರು, ಮಜ್ಜಿಗೆ, ಹಬ್ಬಹರಿದಿನಗಳಲ್ಲಿ ಹೋಳಿಗೆ ತುಪ್ಪ ಎಲ್ಲವೂ ಮಗುವಿನ ಹೊಟ್ಟೆ ಸೇರುತ್ತಲೇ ಇರುತ್ತವೆ. ಆದರೂ ಕೆನ್ನೆ ಬಿಳಿಚಿಕೊಂಡಿರುತ್ತದೆ, ಕೈಕಾಲುಗಳು ಕಡ್ಡಿಯಂತಿರುತ್ತವೆ, ಹೊಟ್ಟೆಯೊಂದೇ ಮುಂದೆ ಬಂದಿರುತ್ತದೆ. ಮನೆಯ ಹಿರಿಯಜ್ಜಿ ಒಂದೇ ನೋಟಕ್ಕೆ "ಜಂತು ಆಗಿದೆ" ಎಂದು ತೀರ್ಪು ಕೊಟ್ಟುಬಿಡುತ್ತಾರೆ.

ಅಜ್ಜಿಯ ತೀರ್ಪು ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಅದಕ್ಕೆ ಅವರು ಕೊಡುವ ಕಾರಣ ಮಾತ್ರ ಸರಿಯಲ್ಲ. ಬೆಲ್ಲ ತಿಂದ ಮಾತ್ರಕ್ಕೆ ಹೊಟ್ಟೆಯಲ್ಲಿ ಹುಳು ಹುಟ್ಟುವುದಿಲ್ಲ. ನಿದ್ದೆಯಲ್ಲಿ ಹಲ್ಲು ಕಡಿಯುವುದು ಹುಳುವಿನ ಲಕ್ಷಣವೆಂಬುದಕ್ಕೆ ಆಧಾರವಿಲ್ಲ. ಹುಳುವು ಹೊರಗಿನಿಂದಲೇ ಬರಬೇಕು. ಒಬ್ಬರ ಮಲದಲ್ಲಿ ಹೊರಬಿದ್ದ ಅದರ ಮೊಟ್ಟೆ ಮಣ್ಣು, ನೀರು, ಸೊಪ್ಪು, ಕೈ, ಕಾಲು ಇವುಗಳಲ್ಲಿ ಯಾವುದಾದರೊಂದರ ಮೂಲಕ ಇನ್ನೊಬ್ಬರ ದೇಹವನ್ನು ಹೊಗಬೇಕು. ಬೇರೆ ದಾರಿಯಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯೂ ನಮ್ಮಲ್ಲಿ ಬಲವಾಗಿದೆ. ಹುಳುವು ಮಗು ಉಂಡ ಅನ್ನದಲ್ಲಿ ಪಾಲು ಕೇಳುತ್ತದೆ, ಆದ್ದರಿಂದ ಮಗು ಸೊರಗುತ್ತದೆ ಎಂಬ ಎಣಿಕೆ ಅದು. ಪಾಲು ತೆಗೆದುಕೊಳ್ಳುವುದು ನಿಜ, ಆದರೆ ಆ ಪಾಲು ಅಷ್ಟೇನೂ ದೊಡ್ಡದಲ್ಲ. ದೊಡ್ಡ ನಷ್ಟವಾಗುವುದು ಕರುಳಿನ ಒಳಪದರದಲ್ಲಿ. ಉಂಡದ್ದನ್ನು ರಕ್ತಕ್ಕೆ ಒಪ್ಪಿಸಬೇಕಾದ ಆ ಪದರವೇ ಗಾಯಗೊಂಡರೆ ತಟ್ಟೆಗೆ ಎಷ್ಟು ಬಡಿಸಿದರೂ ಏನು ಫಲ? ಈ ಲೇಖನದಲ್ಲಿ ಹೇಳಹೊರಟಿರುವುದು ಆ ಪದರದ ವಿಷಯ.

ಒಂದು ಕೋಶ ದಪ್ಪದ ಗೋಡೆ

ನಮ್ಮ ಸಣ್ಣಕರುಳಿನ ಉದ್ದ ಸುಮಾರು 6 ಮೀಟರು. ಅದರ ಒಳಮೈ ನಯವಾದ ಕೊಳವೆಯಂತಿಲ್ಲ. ಮಕಮಲ್ ಬಟ್ಟೆಯಂತೆ ಜುಂಗುಜುಂಗಾಗಿದೆ. ಮಡಿಕೆಗಳ ಮೇಲೆ ಒಂದು ಮಿಲಿಮೀಟರಿಗಿಂತ ಹೆಚ್ಚು ಎತ್ತರವಿಲ್ಲದ, ಬೆರಳಿನಾಕಾರದ ಲಕ್ಷಾಂತರ ಚಾಚುಗಳು ನಿಂತಿವೆ. ಶಾಲೆಯ ಪುಸ್ತಕಗಳು ಇವನ್ನು ವಿಲ್ಲೈ ಎಂದು ಕರೆಯುತ್ತವೆ. ಅನ್ನರಸವನ್ನು ಹೀರಿಕೊಳ್ಳುವ ಕೆಲಸ ಇವುಗಳದೇ. ಇವುಗಳಿಂದಾಗಿ ಒಳಮೈಯ ವಿಸ್ತಾರವು ಹೊರಗಿನಿಂದ ಕಾಣುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚುತ್ತದೆ. ಟೆನಿಸ್ ಅಂಗಳದಷ್ಟು ಎಂದು ಹಿಂದೆ ಬರೆಯುತ್ತಿದ್ದರು. 2014ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಮತ್ತೆ ಅಳೆದು, ಇಡೀ ಜೀರ್ಣಾಂಗದ ಒಳಮೈ ಸುಮಾರು 30ರಿಂದ 40 ಚದರ ಮೀಟರೆಂದು ತಿದ್ದಿದರು. ಅಂದರೆ ಎರಡು ಮೂರು ಕೋಣೆಗಳ ನೆಲದಷ್ಟು. ಇಷ್ಟು ವಿಸ್ತಾರವೂ ಹೊಟ್ಟೆಯೊಳಗೆ ಸುರುಳಿಯಾಗಿ ಅಡಗಿದೆ.

ಈ ವಿಸ್ತಾರವನ್ನು ಹೊದಿಸಿರುವುದು ಒಂದೇ ಒಂದು ಜೀವಕೋಶದಷ್ಟು ದಪ್ಪದ ಪದರ. ಅದರ ಒಂದು ಪಕ್ಕದಲ್ಲಿ ಆಹಾರ, ಮಲ, ಕೋಟ್ಯಂತರ ಸೂಕ್ಷ್ಮಾಣುಗಳು. ಇನ್ನೊಂದು ಪಕ್ಕದಲ್ಲಿ ನಮ್ಮ ರಕ್ತ. ಕೋಶಕ್ಕೂ ಕೋಶಕ್ಕೂ ನಡುವೆ ಗಾರೆಯಂತೆ ಬಿಗಿಯಾದ ಬೆಸುಗೆಗಳಿವೆ. ಮೇಲೆ ಲೋಳೆಯ ಲೇಪವಿದೆ. ಪದರದ ಕೋಶಗಳು ಮೂರರಿಂದ ಐದು ದಿನಗಳಲ್ಲಿ ಸವೆದು ಉದುರುತ್ತವೆ, ಬುಡದಿಂದ ಹೊಸವು ಹುಟ್ಟಿ ಮೇಲಕ್ಕೆ ಸರಿಯುತ್ತವೆ. ಕಳೆದ ವಾರ ಉಂಡ ಊಟವನ್ನು ಅರಗಿಸಿದ ಕೋಶಗಳಲ್ಲಿ ಹೆಚ್ಚಿನವು ಇಂದು ನಮ್ಮಲ್ಲಿಲ್ಲ. ತನ್ನನ್ನು ತಾನು ಇಷ್ಟು ಬೇಗ ದುರಸ್ತಿ ಮಾಡಿಕೊಳ್ಳುವ ಭಾಗ ನಮ್ಮ ದೇಹದಲ್ಲಿ ಬೇರೊಂದಿಲ್ಲವೆಂದರೂ ಸಲ್ಲುತ್ತದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದು ಬೇಕಾಗುತ್ತದೆ.

ಗೋಡೆಯಲ್ಲಿ ಕಾವಲುಗಾರರೂ ಇದ್ದಾರೆ. ಕರುಳಿಗೆ ಹುಳು ಬಂತೆಂಬ ಸುದ್ದಿಯನ್ನು ಮೊದಲು ಗ್ರಹಿಸುವುದು, ನೂರಕ್ಕೆ ಒಂದೆರಡರಷ್ಟು ವಿರಳವಾಗಿರುವ ಒಂದು ಬಗೆಯ ಕೋಶವೆಂಬುದು 2016ರಲ್ಲಷ್ಟೇ ಖಚಿತವಾಯಿತು. ಇಲಿಗಳ ಮೇಲೆ ನಡೆದ ಆ ಸಂಶೋಧನೆಗಳಲ್ಲಿ ಕಂಡಂತೆ, ಆ ಕೋಶ ಕೂಗು ಹಾಕಿದೊಡನೆ ಲೋಳೆ ಸುರಿಸುವ ಕೋಶಗಳು ಹೆಚ್ಚುತ್ತವೆ. ಕರುಳು ನೀರು ಬಿಟ್ಟುಕೊಂಡು, ಬೇಗಬೇಗ ಹಿಂಡಿ, ಹುಳುವನ್ನು ತೊಳೆದು ತಳ್ಳಲು ನೋಡುತ್ತದೆ. ಒಂದೆರಡು ಹುಳುಗಳಾದರೆ ಇದರಿಂದ ತೊಲಗಿಯಾವು. ಹಿಂದಿನದು ತೊಲಗುವ ಮೊದಲೇ ಮುಂದಿನದು ಬರುತ್ತಿದ್ದರೆ ಈ ಹೋರಾಟವೇ ಗೋಡೆಗೆ ಇನ್ನೊಂದು ಭಾರವಾಗುತ್ತದೆ.

ತೋಟದ ನೆರಳಿನಲ್ಲಿ ಕಾದಿರುವ ಹುಳು

ಹುಳುಗಳೆಲ್ಲ ಒಂದೇ ರೀತಿಯಲ್ಲಿ ಕೆಡುಕು ಮಾಡುವುದಿಲ್ಲ. ಕರುಳಿನ ಗೋಡೆಗೆ ನೇರವಾಗಿ ಬಾಯಿ ಹಾಕುವುದು ಕೊಕ್ಕೆಹುಳು. ಒಂದು ಸೆಂಟಿಮೀಟರ್ ಉದ್ದದ, ದಾರದ ತುಣುಕಿನಂಥ ಜೀವಿ ಇದು. ಇದರ ಬಾಯಲ್ಲಿ ಒಂದು ಜಾತಿಗೆ ಹಲ್ಲುಗಳೂ ಇನ್ನೊಂದಕ್ಕೆ ಕತ್ತರಿಸುವ ಅಲಗುಗಳೂ ಇವೆ. ಸಣ್ಣಕರುಳಿನ ಒಳಪದರದ ಚೂರನ್ನು ಬಾಯೊಳಕ್ಕೆ ಸೆಳೆದುಕೊಂಡು, ಕೊಯ್ದು, ರಕ್ತ ಹೆಪ್ಪುಗಟ್ಟದಂತೆ ಒಂದು ರಸವನ್ನು ಬಿಟ್ಟು ಹೀರುತ್ತದೆ. ಅಲ್ಲಿಗೇ ನಿಲ್ಲದೆ ಆಗಾಗ ಜಾಗ ಬದಲಿಸುತ್ತದೆ. ಅದು ಬಿಟ್ಟುಹೋದ ಗಾಯ ಆ ರಸದ ಪ್ರಭಾವದಿಂದ ಇನ್ನಷ್ಟು ಹೊತ್ತು ಜಿನುಗುತ್ತಲೇ ಇರುತ್ತದೆ.

ಲೆಕ್ಕ ಹಾಕಿ ನೋಡೋಣ. ಅಲಗುಬಾಯಿಯ ಜಾತಿಯ ಒಂದು ಹುಳು ದಿನಕ್ಕೆ ಸುಮಾರು 0.03 ಮಿಲಿಲೀಟರ್ ರಕ್ತವನ್ನು ನಷ್ಟಪಡಿಸುತ್ತದೆ. ಹಲ್ಲಿರುವ ಜಾತಿಯದು ಇದರ ಐದಾರು ಪಟ್ಟು. ಮೊದಲನೆಯದನ್ನೇ ಹಿಡಿದು 100 ಹುಳುಗಳಿವೆಯೆನ್ನೋಣ. ದಿನಕ್ಕೆ 3 ಮಿಲಿಲೀಟರ್, ಚಿಕ್ಕ ಚಮಚದಷ್ಟೂ ಅಲ್ಲ. ಆದರೆ ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣಾಂಶವಿರುತ್ತದೆ. ಹೀಗೆ ಹೋದ ಕಬ್ಬಿಣದಲ್ಲಿ ಒಂದು ಭಾಗವನ್ನು ಕರುಳು ಮರಳಿ ಹೀರಿಕೊಂಡರೂ ಉಳಿದದ್ದು ನಷ್ಟವೇ. ನಾವು ದಿನವಿಡೀ ಉಂಡ ಆಹಾರದಿಂದ ದೇಹಕ್ಕೆ ಸೇರುವ ಕಬ್ಬಿಣವೇ ಒಂದೆರಡು ಮಿಲಿಗ್ರಾಂ. ರಾಗಿ, ಬೇಳೆ, ಸೊಪ್ಪುಗಳಿಂದ ಆಗುವ ಗಳಿಕೆಯ ಬಹುಭಾಗ ಹೀಗೆ ಸದ್ದಿಲ್ಲದೆ ಸೋರಿಹೋಗುತ್ತದೆ. ಮುಟ್ಟು, ಬಸಿರು, ಬಾಣಂತನಗಳಲ್ಲಿ ಮೊದಲೇ ರಕ್ತ ಕಳೆದುಕೊಳ್ಳುವ ಹೆಣ್ಣುಮಕ್ಕಳ ಗತಿಯೇನು? 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಹೆರುವ ವಯಸ್ಸಿನ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಜನರಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಇದೆಲ್ಲವೂ ಹುಳುವಿನಿಂದಲೇ ಅಲ್ಲ, ಆಹಾರದ ಕೊರತೆಯೇ ಮುಖ್ಯ. ಆದರೆ ತುಂಬುವ ಕೊಡದ ತಳದಲ್ಲಿ ತೂತಿದೆಯೇ ಎಂದು ನೋಡದೆ ನೀರು ಸುರಿಯುವವರಿಲ್ಲ. ಬಸುರಿಯರೂ ಮಕ್ಕಳೂ ಮಣ್ಣು, ಬಳಪ ತಿನ್ನುವ ಚಪಲಕ್ಕೆ ಬೀಳುವುದು ಬಹಳ ಸಲ ಈ ರಕ್ತಹೀನತೆಯಿಂದಲೇ. ಹಾಗೆ ತಿಂದ ಮಣ್ಣಿನಿಂದ ಮತ್ತೊಂದು ಹುಳು ಒಳಸೇರುತ್ತದೆ!

ಕೊಕ್ಕೆಹುಳು ಬಾಯಿಂದ ಬರಬೇಕೆಂದಿಲ್ಲ, ಅಂಗಾಲಿನಿಂದಲೇ ಬರುತ್ತದೆ ಎಂಬುದು ತಿಳಿದ ಬಗೆ ಸ್ವಾರಸ್ಯಕರವಾಗಿದೆ. 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಈಜಿಪ್ಟಿನ ಕೈರೋದಲ್ಲಿ ಆರ್ಥರ್ ಲೂಸ್ ಎಂಬ ಜರ್ಮನ್ ವಿಜ್ಞಾನಿ ಈ ಹುಳುವಿನ ಮರಿಗಳನ್ನು ನೀರಿನಲ್ಲಿ ಸಾಕುತ್ತಿದ್ದರು. ಒಂದು ದಿನ ಆ ನೀರಿನ ಹನಿ ಅವರ ಕೈಮೇಲೆ ಬಿತ್ತು. ಬಿದ್ದ ಜಾಗ ಕೆಂಪಾಗಿ ಉರಿಯಿತು. ಅನುಮಾನಗೊಂಡ ಲೂಸ್ ತಮ್ಮ ಮಲವನ್ನೇ ಪರೀಕ್ಷಿಸುತ್ತ ಬಂದರು. ಕೆಲವು ವಾರಗಳ ನಂತರ ಅದರಲ್ಲಿ ಕೊಕ್ಕೆಹುಳುವಿನ ಮೊಟ್ಟೆಗಳು ಕಂಡವು. ಚರ್ಮವನ್ನು ಕೊರೆದು ರಕ್ತಕ್ಕಿಳಿದ ಮರಿ, ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೇರಿ, ಉಗುಳಿನೊಡನೆ ನುಂಗಲ್ಪಟ್ಟು ಕರುಳನ್ನು ಸೇರುತ್ತದೆಂದು ಅವರು ಮುಂದೆ ತೋರಿಸಿಕೊಟ್ಟರು.

ನಮ್ಮ ಜಿಲ್ಲೆಯ ಸಂಗತಿಗೆ ಬರೋಣ. ಭಾರತದಲ್ಲಿ ಈ ಹುಳುವಿನ ಹರಡಿಕೆಯನ್ನು 1920ರ ದಶಕದಲ್ಲಿ ಅಧ್ಯಯನ ಮಾಡಿ 1929ರಲ್ಲಿ ದೊಡ್ಡ ಗ್ರಂಥವನ್ನೇ ಬರೆದ ಆಸಾ ಚಾಂಡ್ಲರ್ ಮೊದಲಾದವರು ಮಳೆ, ತೇವ, ಮಣ್ಣಿನ ಗುಣಗಳಿಗೆ ಬಹಳ ಮಹತ್ವ ಕೊಟ್ಟರು. ಕೊಕ್ಕೆಹುಳುವಿನ ಮರಿಗೆ ಸಡಿಲವಾದ ತೇವದ ಮಣ್ಣು ಮತ್ತು ನೆರಳು ಬೇಕು. ಬಿಸಿಲಿಗೆ ಕಾದ ಒಣನೆಲದಲ್ಲಿ ಅದು ಸಾಯುತ್ತದೆ. ಆ ಲೆಕ್ಕದಲ್ಲಿ ಮಳೆ ಕಡಿಮೆಯಿರುವ ಚಿತ್ರದುರ್ಗದ ಬಯಲುಸೀಮೆ ಮಲೆನಾಡಿಗಿಂತ ಭಾಗ್ಯಶಾಲಿ. ಆದರೆ ಜಿಲ್ಲೆಯ ನೆಲವೆಲ್ಲ ಈಗ ಒಣನೆಲವಲ್ಲ. ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳ ಅಡಿಕೆ ತೆಂಗಿನ ತೋಟಗಳಲ್ಲಿ ಕೊಳವೆಬಾವಿಯ ನೀರು ಬೇಸಿಗೆಯಲ್ಲೂ ಬುಡ ತೋಯಿಸುತ್ತದೆ. ಹಿರಿಯೂರಿನಲ್ಲಿ ವೇದಾವತಿಗೆ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರದ ನಾಲೆಗಳುಂಟು. ಆ ಜಲಾಶಯ 1933ರ ನಂತರ 2022ರಲ್ಲಿ ಮತ್ತೆ ಕೋಡಿಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ನೋಡಲು ಹೋದುದು ಎಲ್ಲರಿಗೂ ನೆನಪಿದೆ. ನೀರು ಬಂದುದು ಸಂತೋಷವೇ. ಆದರೆ ತೋಟದ ತಂಪು ಹುಳುವಿಗೂ ತಂಪೇ. ಯಾರಾದರೊಬ್ಬರು ಮರೆಯೆಂದು ಅಡಿಕೆಮರದ ಸಾಲಿನಲ್ಲಿ ಬಹಿರ್ದೆಸೆಗೆ ಕುಳಿತರೆ, ಒಂದು ವಾರದಿಂದ ಹತ್ತು ದಿನಗಳೊಳಗೆ ಆ ಜಾಗದಲ್ಲಿ ಚರ್ಮ ಕೊರೆಯಬಲ್ಲ ಮರಿಗಳು ಸಿದ್ಧವಾಗಿರುತ್ತವೆ. ಅನುಕೂಲವಿದ್ದರೆ ಮೂರು ನಾಲ್ಕು ವಾರ ಕಾಯುತ್ತವೆ. ಬರಿಗಾಲಿನಲ್ಲಿ ನಿಂತು ಉದುರಿದ ಕಾಯಿ ಆಯುವ ಹೆಂಗಸಿನ ಬೆರಳ ಸಂದಿ ಅವಕ್ಕೆ ಸಾಕು.

ಒಡೆಯರು ಕೆಲಸಗಾರರಿಗೆ ಕೂಲಿ, ಊಟ, ಎಲೆಅಡಿಕೆ ಎಲ್ಲವನ್ನೂ ಕೊಡುತ್ತಾರೆ. ತೋಟದ ಮೂಲೆಯಲ್ಲೊಂದು ಶೌಚಾಲಯವನ್ನು ಕಟ್ಟಿಸಿದವರು ಎಷ್ಟು ಮಂದಿ? ಆ ಮಣ್ಣಿನಲ್ಲಿ ಒಡೆಯರ ಮಕ್ಕಳೂ ಆಡುತ್ತವೆ.

ಉಳಿದವರ ಕೆಲಸ

ಸಾಮಾನ್ಯವಾಗಿ ಜನ ಜಂತುಹುಳುವೆನ್ನುವುದು ಗೇಣುದ್ದಕ್ಕೂ ಮೀರಿ ಬೆಳೆಯುವ, ಬಿಳಿಗೆಂಪು ಬಣ್ಣದ ದುಂಡುಹುಳುವನ್ನು. ಇದು ಗೋಡೆಯನ್ನು ಕಚ್ಚುವುದಿಲ್ಲ. ಕರುಳಿನ ಒಳಗೇ ಈಜಿಕೊಂಡಿರುತ್ತದೆ. ಆದರೂ ಇದರ ವಾಸದಿಂದ ಬೆರಳಿನಂಥ ಆ ಚಾಚುಗಳು ಮೊಂಡಾಗುತ್ತವೆ. ಕೊಬ್ಬು, ಎ ಜೀವಸತ್ವ, ಹಾಲಿನ ಸಕ್ಕರೆ ಇವುಗಳ ಹೀರಿಕೆ ತಗ್ಗುತ್ತದೆ. ಸಂಖ್ಯೆ ಹೆಚ್ಚಾದರೆ ಹುರಿಯಾಗಿ ಹೆಣೆದುಕೊಂಡು ಕರುಳಿಗೇ ಅಡ್ಡಗಟ್ಟುವುದುಂಟು, ಪಿತ್ತನಾಳವನ್ನು ಹೊಕ್ಕು ಸಂಕಟ ಕೊಡುವುದೂ ಉಂಟು. ಒಂದು ಹೆಣ್ಣುಹುಳು ದಿನಕ್ಕೆ 2 ಲಕ್ಷದವರೆಗೆ ಮೊಟ್ಟೆಯಿಡುತ್ತದೆ. ಕೊಕ್ಕೆಹುಳುವಿನ ಮರಿಯಂತೆ ಈ ಮೊಟ್ಟೆ ಸುಲಭವಾಗಿ ಸಾಯುವುದಿಲ್ಲ. ಗಟ್ಟಿಕವಚ ತೊಟ್ಟು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರಬಲ್ಲದು. ಅಂಟಂಟಾದ್ದರಿಂದ ಸೊಪ್ಪಿಗೂ ಉಗುರಿಗೂ ಹತ್ತಿಕೊಂಡು ಬರುತ್ತದೆ.

ಚಾಟಿಹುಳುವಿನ ವಾಸ ದೊಡ್ಡಕರುಳಿನಲ್ಲಿ. ಕೂದಲಿನಷ್ಟು ತೆಳ್ಳಗಿರುವ ತನ್ನ ತಲೆಯ ಭಾಗವನ್ನು ಒಳಪದರದ ಕೋಶಗಳೊಳಗೆ ಸುರಂಗ ಕೊರೆದು ಹೊಲಿದುಕೊಂಡು ಕೂತಿರುತ್ತದೆ. ವಿಪರೀತವಾದಾಗ ಮಕ್ಕಳಿಗೆ ರಕ್ತಬೇಧಿಯಾಗಿ ಗುದ ಹೊರಜಾರುತ್ತದೆ. ಆಮಶಂಕೆಯ ಅಮೀಬಾ ಎಂಬ ಏಕಕೋಶಜೀವಿಯೂ ದೊಡ್ಡಕರುಳಿನದೇ ಶತ್ರು. ಬಾಯಿ ಕಿರಿದು, ಹೊಟ್ಟೆ ಅಗಲವಾದ ಹೂಜಿಯಾಕಾರದ ಹುಣ್ಣುಗಳನ್ನು ಇದು ಗೋಡೆಯಲ್ಲಿ ತೋಡುತ್ತದೆ. ಕರುಳಿನ ಜೀವಂತ ಕೋಶಗಳನ್ನು ಇಲಿ ಕಡಿದಂತೆ ಚೂರುಚೂರಾಗಿ ಕಡಿದು ಕೊಲ್ಲುತ್ತದೆಂಬುದು 2014ರಲ್ಲಿ ಗೊತ್ತಾಯಿತು. ಗೋಡೆಯನ್ನು ದಾಟಿ ಯಕೃತ್ತಿಗೆ ಹೋಗಿ ಕೀವುಗಟ್ಟಿಸುವುದೂ ಇದರ ಕೆಲಸ. 1912ರಲ್ಲಿ ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರೋಜರ್ಸ್ ಎಮೆಟಿನ್ ಚುಚ್ಚುಮದ್ದನ್ನು ಬಳಕೆಗೆ ತರುವವರೆಗೆ ಇದರಿಂದ ಸತ್ತವರಿಗೆ ಲೆಕ್ಕವಿರಲಿಲ್ಲ.

ಮನೆಯವರು ಸಂಶಯಿಸದೆ ಇರುವ ಇನ್ನೊಂದು ಏಕಕೋಶಜೀವಿ ಜಿಯಾರ್ಡಿಯಾ. ಹಾಲೆಂಡಿನ ಲೇವೆನ್‌ಹುಕ್ ತಾವೇ ಮಾಡಿದ ಮಸೂರದಲ್ಲಿ, ತಮ್ಮದೇ ಮಲದಲ್ಲಿ 1681ರಲ್ಲಿ ಇದನ್ನು ಕಂಡರು. ಹೊಟ್ಟೆಯ ಅಡಿಯಲ್ಲಿರುವ ಬಟ್ಟಲಿನಂಥ ಹಿಡಿಕೆಯಿಂದ ಇದು ಸಣ್ಣಕರುಳಿನ ಮೊದಲ ಭಾಗಕ್ಕೆ ಅಂಟಿಕೊಳ್ಳುತ್ತದೆ. ಕೊರೆಯುವುದಿಲ್ಲ, ರಕ್ತ ಹೀರುವುದಿಲ್ಲ. ಆದರೆ ಇದು ನೆಲೆಸಿದಲ್ಲಿ ಚಾಚುಗಳು ಕುಗ್ಗುತ್ತವೆ, ಕೋಶಗಳ ನಡುವಿನ ಗಾರೆ ಬಿರಿಯುತ್ತದೆ, ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ಕಡಿಮೆಯಾಗುತ್ತದೆ. ಆಗ ಮಗುವಿಗೆ ಹಾಲು ಕುಡಿದರೆ ಹೊಟ್ಟೆಯುಬ್ಬರ, ಗುಡುಗುಡು, ದುರ್ವಾಸನೆಯ, ಎಣ್ಣೆಪಸೆಯ ಬೇಧಿ. 2013ರ ಆಗಸ್ಟಿನಿಂದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲೆಗಳಲ್ಲಿ ಹಾಲು ಕೊಡುತ್ತ ಬಂದಿದ್ದಾರೆ. ಹಾಲು ಒಗ್ಗುವುದಿಲ್ಲವೆಂದು ಲೋಟವನ್ನು ಪಕ್ಕಕ್ಕೆ ತಳ್ಳುವ ಮಕ್ಕಳಲ್ಲಿ ಕೆಲವರಿಗೆ ಅದು ಹುಟ್ಟುಗುಣ. ಇನ್ನು ಕೆಲವರಿಗೆ ಗೋಡೆ ಗಾಯಗೊಂಡದ್ದರ ಗುರುತು. ಎರಡನೆಯವರಿಗೆ ರೋಗ ವಾಸಿಯಾದ ಮೇಲೆ ಹಾಲು ಮತ್ತೆ ಒಗ್ಗುತ್ತದೆ. ಶಾಲೆಯಲ್ಲಿ ಕೊಡುವ ಒಂದು ಜಂತುಹುಳುವಿನ ಮಾತ್ರೆಯಿಂದ ಜಿಯಾರ್ಡಿಯಾ ಹೋಗುವುದಿಲ್ಲ, ಅಮೀಬಾ ಹೋಗುವುದಿಲ್ಲ. ಅವಕ್ಕೆ ಬೇರೆ ಮದ್ದುಂಟು; ಮಲಪರೀಕ್ಷೆ ಮಾಡಿಸಿ ವೈದ್ಯರೇ ಕೊಡಬೇಕು.

ಶಾಕಾಹಾರಿಗಳಿಗೆ ಒಂದು ಮಾತು

"ನಾವು ಮಾಂಸ ಮುಟ್ಟದವರು, ನಮಗೆಲ್ಲಿಯ ಹುಳು" ಎನ್ನುವ ನೆಮ್ಮದಿ ನಮ್ಮ ಮನೆಗಳಲ್ಲಿ ಇದೆ. ಮೇಲೆ ಹೇಳಿದ ಯಾವ ಜೀವಿಯೂ ಮಾಂಸದಿಂದ ಬರುವುದಲ್ಲ ಎಂಬುದನ್ನು ವಾಚಕರು ಗಮನಿಸಿರಬಹುದು. ಬರುವುದು ಮಣ್ಣು, ನೀರು, ಸೊಪ್ಪುತರಕಾರಿಗಳಿಂದ. ಹಂದಿಮಾಂಸದಿಂದ ಬರುವ ಲಾಡಿಹುಳುವಿನ ವಿಷಯವೂ ಹೀಗೆಯೇ. ಸರಿಯಾಗಿ ಬೇಯದ ಮಾಂಸ ತಿಂದವನ ಕರುಳಿನಲ್ಲಿ ಹುಳು ಬೆಳೆಯುತ್ತದೆ, ನಿಜ. ಆದರೆ ಅವನ ಮಲದ ಮೂಲಕ ಹೊಲದ ಸೊಪ್ಪಿಗೆ ಸೇರಿದ ಮೊಟ್ಟೆಯನ್ನು ನುಂಗುವವನು ಶಾಕಾಹಾರಿಯೇ ಆಗಿರಬಹುದು. ಮೊಟ್ಟೆಯೊಡೆದ ಮರಿ ಕರುಳಿನ ಗೋಡೆಯನ್ನು ತೂರಿ, ರಕ್ತದೊಡನೆ ಮಿದುಳಿಗೆ ಹೋಗಿ ಗುಳ್ಳೆಯಾಗಿ ನೆಲೆಸುತ್ತದೆ; ಮೂರ್ಛೆ ಬರಿಸುತ್ತದೆ. ಜನ್ಮೇಪಿ ಮಾಂಸ ಕಾಣದ ಮನೆಯವರಲ್ಲೂ ಈ ರೋಗವನ್ನು ನರರೋಗ ವೈದ್ಯರು ಕಾಣುತ್ತಲೇ ಇರುತ್ತಾರೆ. ಮೂರ್ಛೆ ಬಂದ ಮಗುವಿಗೆ ದೆವ್ವ ಬಿಡಿಸಲು ಹೊರಡುವ ಮೊದಲು ಇದನ್ನು ನೆನೆಯಬೇಕು.

ಊಟದ ಜೊತೆ ಹಸಿ ಈರುಳ್ಳಿ, ಸೌತೆಕಾಯಿ, ಮೂಲಂಗಿ, ಕೊತ್ತಂಬರಿ ಸೊಪ್ಪು ಬಳಸುವುದು ಒಳ್ಳೆಯ ರೂಢಿಯೇ. ಉಪ್ಪುನೀರಿನಲ್ಲಿ ಅದ್ದಿಟ್ಟರೆ ಹುಳುವಿನ ಮೊಟ್ಟೆ ಸಾಯುತ್ತದೆಂಬ ನಂಬಿಕೆ ಮಾತ್ರ ಹುಸಿ; ದುಂಡುಹುಳುವಿನ ಮೊಟ್ಟೆ ಅದಕ್ಕೆಲ್ಲ ಬಗ್ಗುವುದಿಲ್ಲ. ಧಾರೆಯಾಗಿ ಬೀಳುವ ನೀರಿನಲ್ಲಿ ಎಲೆ ಎಲೆಯಾಗಿ ಬಿಡಿಸಿ ಉಜ್ಜಿ ತೊಳೆಯಬೇಕು, ಸಿಪ್ಪೆ ತೆಗೆಯಬಹುದಾದದ್ದನ್ನು ತೆಗೆಯಬೇಕು, ಕೊಚ್ಚೆನೀರು ಹಾಯಿಸಿ ಬೆಳೆದ ಸೊಪ್ಪೆಂದು ಗೊತ್ತಿದ್ದರೆ ಬೇಯಿಸಿಯೇ ತಿನ್ನಬೇಕು. ಜಾತ್ರೆ, ದಾಸೋಹಗಳಲ್ಲಿ ಸಾವಿರಾರು ಎಲೆಗೆ ಕೋಸಂಬರಿ ಮಾಡುವಾಗ ಹೆಸರುಬೇಳೆಗಿಂತ ಹೆಚ್ಚು ಗಮನ ಕೊಡಬೇಕಾದ್ದು ಸೌತೆಕಾಯಿಗೆ ಮತ್ತು ಅದನ್ನು ಹೆಚ್ಚುವವರ ಕೈಗೆ.

ಹುಳುವಿಲ್ಲದಿದ್ದರೂ ಸವೆದ ಗೋಡೆ

ಇಲ್ಲಿ ಒಂದು ವಿಚಿತ್ರ ಸಂಗತಿಯನ್ನು ಹೇಳಲೇಬೇಕು. ನೆರೆಯ ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ 1960, 70ರ ದಶಕಗಳಲ್ಲಿ ಸೆಲ್ವಿನ್ ಬೇಕರ್, ವಿ. ಐ. ಮಾಥನ್ ಮೊದಲಾದವರು ಹಳ್ಳಿಗರ ಕರುಳಿನ ಒಳಪದರದ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಯಾವ ಕಾಯಿಲೆಯೂ ಇಲ್ಲದೆ ದುಡಿದು ಉಣ್ಣುತ್ತಿದ್ದ ಜನರಲ್ಲೂ ಚಾಚುಗಳು ಬೆರಳಿನಂತಿರದೆ ಎಲೆಯಂತೆ, ಏಣಿನಂತೆ ಮೊಂಡಾಗಿದ್ದವು. ಇದು ಈ ನಾಡಿನವರ ಹುಟ್ಟುಗುಣವಿರಬಹುದೇ ಎಂಬ ಪ್ರಶ್ನೆಗೆ ಉತ್ತರ ಅಮೆರಿಕದಿಂದ ಬಂತು. ಅಲ್ಲಿ ನೆಲೆಸಿದ ಭಾರತೀಯರ ಮತ್ತು ಪಾಕಿಸ್ತಾನೀಯರ ಕರುಳು, ವರ್ಷಗಳು ಕಳೆದಂತೆ ರೂಪದಲ್ಲೂ ಕೆಲಸದಲ್ಲೂ ಸುಧಾರಿಸುತ್ತದೆಂದು 1971ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದೇ ಜನ, ಅದೇ ರಕ್ತ. ಬದಲಾದದ್ದು ಸುತ್ತಲಿನ ನೀರು ಮತ್ತು ನೆಲ. ದಿನನಿತ್ಯ ಅಷ್ಟಿಷ್ಟು ಮಲದ ಸೂಕ್ಷ್ಮಾಣುಗಳನ್ನು ನುಂಗುತ್ತಿದ್ದರೆ ಗೋಡೆ ಸದಾ ದುರಸ್ತಿಯಲ್ಲೇ ಇರುತ್ತದೆ, ಹೀರುವ ಕೆಲಸಕ್ಕೆ ಪೂರ್ತಿ ಒದಗುವುದಿಲ್ಲ. ಹುಳುಗಳು ಈ ಸವೆತದಲ್ಲಿ ಒಂದು ಪಾಲುದಾರ, ಅಷ್ಟೆ.

ಮಲ ಕುಡಿಯುವ ನೀರಿಗೆ ಸೇರಿದರೆ ಏನಾದೀತೆಂಬುದನ್ನು ಚಿತ್ರದುರ್ಗ ನಗರ 2023ರ ಆಗಸ್ಟ್ ಮೊದಲ ವಾರದಲ್ಲಿ ಕಣ್ಣಾರೆ ಕಂಡಿತು. ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಪ್ರಾಣ ಕಳೆದುಕೊಂಡರು, ನೂರಕ್ಕೂ ಹೆಚ್ಚು ಜನ ವಾಂತಿಬೇಧಿಯಿಂದ ಆಸ್ಪತ್ರೆ ಸೇರಿದರು. ಅದು ಹುಳುವಿನ ಕಾಯಿಲೆಯಲ್ಲ. ಅಂಥದು ನಡೆದಾಗ ಊರೆಲ್ಲ ಎಚ್ಚರಗೊಳ್ಳುತ್ತದೆ, ಅಧಿಕಾರಿಗಳು ಓಡಿಬರುತ್ತಾರೆ. ಅದೇ ದಾರಿಯಲ್ಲಿ ಹನಿಹನಿಯಾಗಿ ವರ್ಷವಿಡೀ ಬಂದದ್ದಕ್ಕೆ ಮಾತ್ರ ಯಾರೂ ಓಡಿಬರುವುದಿಲ್ಲ. ಶಾಲೆಯ ಹಾಜರಿಪುಸ್ತಕದಲ್ಲಿ, ಬಾಲಕರ ಎತ್ತರದಲ್ಲಿ ಅದು ಬರೆದುಕೊಳ್ಳುತ್ತ ಹೋಗುತ್ತದೆ.

ನಮ್ಮ ಜಿಲ್ಲೆಯಲ್ಲಿ ನೀರೆಂದೊಡನೆ ಫ್ಲೋರೈಡಿನ ಮಾತು ಬರುತ್ತದೆ. ಎರಡನ್ನೂ ಬೆರೆಸಬಾರದು. ಕುದಿಸಿದರೆ ಜಿಯಾರ್ಡಿಯಾ, ಅಮೀಬಾ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಊರಿನ ಶುದ್ಧನೀರಿನ ಘಟಕ ಸುಸ್ಥಿತಿಯಲ್ಲಿದ್ದರೆ ಎರಡನ್ನೂ ತಡೆಯುತ್ತದೆ. ಆದರೆ ನಾಣ್ಯ ಹಾಕಿ ತಂದ ಆ ನೀರನ್ನು ಮನೆಯಲ್ಲಿ ಬಾಯಗಲದ ಹಂಡೆಗೆ ಸುರಿದು, ಕೈಯದ್ದಿ ಲೋಟದಲ್ಲಿ ಮೊಗೆದರೆ ಬೆರಳಿನಲ್ಲಿದ್ದದ್ದು ಮತ್ತೆ ಸೇರಿತು. ಹಿಡಿಯುಳ್ಳ ಸೌಟಾಗಲಿ ನಲ್ಲಿಯುಳ್ಳ ಪಾತ್ರೆಯಾಗಲಿ ಇರಬೇಕು. ಖರ್ಚಿನ ಮಾತೇ ಅಲ್ಲ ಇದು.

ಮಾತ್ರೆ ಎಷ್ಟು ಮಾಡೀತು

ಹಿಂದೆ ಮುತ್ತುಗದ ಬೀಜ, ವಾಯುವಿಳಂಗ, ಮೇಲೆ ಹರಳೆಣ್ಣೆಯ ಬೇಧಿ ನಮ್ಮ ಮನೆಮದ್ದಾಗಿದ್ದವು. ಈಗ ಎಲ್ಲೆಡೆ ನಡೆಯುವುದು ಆಲ್ಬೆಂಡಜೋಲ್. 1970ರ ದಶಕದಲ್ಲಿ ಕುರಿದನಗಳ ಮದ್ದಾಗಿ ಬಂದ ಇದು 1980ರ ದಶಕದಲ್ಲಿ ಮನುಷ್ಯರ ಬಳಕೆಗೂ ಬಂತು. ನಮ್ಮ ಕಡೆಯ ಕುರಿಗಾರರಿಗೆ ಇದರ ಹೆಸರು ನಮಗಿಂತ ಮೊದಲೇ ಗೊತ್ತಿದ್ದರೆ ಆಶ್ಚರ್ಯವಿಲ್ಲ. ಹುಳುವು ಸಕ್ಕರೆಯಂಶ ಹೀರದಂತೆ ಮಾಡಿ ಉಪವಾಸ ಕೊಲ್ಲುವುದು ಇದರ ಕ್ರಮ. 2015ರಿಂದ ಫೆಬ್ರುವರಿ 10ನ್ನು ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವೆಂದು ಆಚರಿಸಿ, ಅಂಗನವಾಡಿ ಶಾಲೆಗಳಲ್ಲಿ 1ರಿಂದ 19 ವರ್ಷದವರಿಗೆ ಇದನ್ನು ನೀಡುತ್ತ ಬಂದಿದ್ದಾರೆ. ಆಗಸ್ಟಿನಲ್ಲಿ ಎರಡನೆಯ ಸುತ್ತೂ ನಡೆಯುವುದುಂಟು.

ಮಾತ್ರೆ ಒಳ್ಳೆಯದೇ, ತಪ್ಪಿಸಬಾರದು. ಆದರೆ ಅದರ ಮಿತಿ ತಿಳಿದಿರಬೇಕು. ಒಂದು ಮಾತ್ರೆಯಿಂದ ದುಂಡುಹುಳು ನೂರರಲ್ಲಿ ಸುಮಾರು 95 ಜನರಿಗೆ ಪೂರ್ತಿ ಹೋಗುತ್ತದೆ, ಕೊಕ್ಕೆಹುಳು ಸುಮಾರು 80 ಜನರಿಗೆ, ಚಾಟಿಹುಳು 30 ಜನರಿಗಷ್ಟೆ. ಹೋದದ್ದೂ ಮರಳಿಬರುತ್ತದೆ. ಪರಿಸರ ಹಾಗೇ ಉಳಿದರೆ ಒಂದು ವರ್ಷದಲ್ಲಿ ದುಂಡುಹುಳುವಿನ ಹರಡಿಕೆ ಹೆಚ್ಚುಕಡಿಮೆ ಮೊದಲಿನಷ್ಟೇ ಆಗುವುದೆಂದು ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಉತ್ತರಪ್ರದೇಶದಲ್ಲಿ ಹತ್ತು ಲಕ್ಷ ಎಳೆಯ ಮಕ್ಕಳಿಗೆ ಐದು ವರ್ಷ ಆರಾರು ತಿಂಗಳಿಗೊಮ್ಮೆ ಮಾತ್ರೆ ಕೊಟ್ಟ ದೊಡ್ಡ ಪ್ರಯೋಗದ ಫಲ 2013ರಲ್ಲಿ ಪ್ರಕಟವಾಯಿತು. ಮಕ್ಕಳ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹುಳು ಹೋದರೂ ಗೋಡೆಗೆ ಏಟು ಬೀಳುವುದು ನಿಲ್ಲದಿದ್ದರೆ ಹೀಗಾಗುವುದು ಸಹಜವೆಂದು ನನ್ನ ತಿಳಿವಳಿಕೆ.

ಮಾತ್ರೆಯೇ ಇಲ್ಲದೆ ಒಂದು ಹುಳುವನ್ನು ನಾಡಿನಿಂದ ಓಡಿಸಿದ ದೃಷ್ಟಾಂತ ನಮ್ಮಲ್ಲೇ ಇದೆ. ನಾರುಹುಳುವಿನ ಕಾಟವಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮೆಟ್ಟಿಲುಬಾವಿಯ ನೀರಿನೊಡನೆ ಒಳಹೋಗಿ, ಕರುಳಿನ ಗೋಡೆ ತೂರಿ, ವರ್ಷದ ಮೇಲೆ ಕಾಲಿನ ಹುಣ್ಣಿನಿಂದ ಮೊಳದುದ್ದ ಹೊರಬರುತ್ತಿದ್ದ ಆ ಹುಳುವಿಗೆ ಲಸಿಕೆಯಿರಲಿಲ್ಲ, ಮದ್ದೂ ಇರಲಿಲ್ಲ. ಬಾವಿಗೆ ಕಟ್ಟೆ ಕಟ್ಟಿ, ಕೈಪಂಪು ಹಾಕಿ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದನ್ನು ಕಲಿಸಿದ್ದರಿಂದ 1996ರಲ್ಲಿ ದೇಶದ ಕೊನೆಯ ರೋಗಿ ರಾಜಸ್ಥಾನದಲ್ಲಿ ಕಂಡು, 2000ದಲ್ಲಿ ಭಾರತ ಅದರಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಕರುಳಿನ ಹುಳುಗಳಿಗೆ ಅಂಥ ಕಟ್ಟೆಯೆಂದರೆ ಶೌಚಾಲಯ. 2019ರ ಅಕ್ಟೋಬರ್ 2ರಂದು ದೇಶದ ಹಳ್ಳಿಗಳು ಬಯಲುಶೌಚದಿಂದ ಮುಕ್ತವೆಂದು ಘೋಷಣೆಯಾಯಿತು. ಕಟ್ಟಿದ್ದು ನಿಜ. ಕೆಲವು ಮನೆಗಳಲ್ಲಿ ಅದರೊಳಗೆ ಸೌದೆ, ಕೊಬ್ಬರಿಮಟ್ಟೆ ತುಂಬಿರುವುದೂ ನಿಜ. ಮನೆಮಂದಿಯೆಲ್ಲ ಬಳಸಿದರೂ ಎಳೆಮಗುವಿನ ಮಲವನ್ನು ತಿಪ್ಪೆಗೆ ಎಸೆಯುವುದುಂಟು. ಮೊಟ್ಟೆಗಳು ಅದರಲ್ಲೂ ಇರುತ್ತವೆ. ಅದೂ ಶೌಚಾಲಯಕ್ಕೇ ಹೋಗಬೇಕು. ಎರಡು ಗುಂಡಿಯ ಶೌಚಾಲಯವಾದರೆ ತುಂಬಿದ ಗುಂಡಿಯನ್ನು ಮುಚ್ಚಿ ಎರಡು ವರ್ಷ ಬಿಟ್ಟು, ಆಮೇಲೆ ಗೊಬ್ಬರವಾಗಿ ತೆಗೆಯುವುದು ಕ್ಷೇಮ.

ಮಾತ್ರೆಯ ದಿನದ ಬಗ್ಗೆ ತಾಯಂದಿರು ಕೇಳುವ ಸಂಶಯಗಳುಂಟು. ಎರಡು ವರ್ಷ ಮೀರಿದವರಿಗೆ 400 ಮಿಲಿಗ್ರಾಮಿನ ಇಡೀ ಮಾತ್ರೆ, ಒಂದರಿಂದ ಎರಡು ವರ್ಷದವರಿಗೆ ಅರ್ಧ. ಅಗಿದು ನುಂಗಬೇಕು, ಎಳೆಯರಿಗೆ ಪುಡಿಮಾಡಿ ನೀರಿನಲ್ಲಿ ಕೊಡಬೇಕು, ಅಳುವ ಮಗುವಿನ ಬಾಯಿಗೆ ತುರುಕಬಾರದು. ಹುಳು ಹೆಚ್ಚಿದ್ದ ಮಗುವಿಗೆ ಆ ದಿನ ಹೊಟ್ಟೆನೋವು, ವಾಕರಿಕೆ ಬರಬಹುದು. ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಜ್ವರವಿದ್ದರೆ ಅಂದು ಬೇಡ, ತಪ್ಪಿಸಿಕೊಂಡವರಿಗೆಂದು ಕೆಲವು ದಿನಗಳ ನಂತರ ಮತ್ತೊಂದು ದಿನವಿರುತ್ತದೆ. ಬಸುರಿಯರು ಮೊದಲ ಮೂರು ತಿಂಗಳು ತೆಗೆದುಕೊಳ್ಳಬಾರದು. ಆಮೇಲೆ ವೈದ್ಯರು ಹೇಳಿದಂತೆ. ಮಗುವಿನ ಮಲದಲ್ಲಿ ರಕ್ತ ಕಂಡರೆ, ಗುದ ಹೊರಬಂದರೆ, ಹೊಟ್ಟೆ ಬಿಗಿದು ವಾಂತಿಯಲ್ಲಿ ಹುಳು ಬಂದರೆ ಫೆಬ್ರುವರಿಯವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಮಾತ್ರೆಯಾದ ಮುಂದಿನ ವಾರಗಳಲ್ಲಿ ಬೇಳೆ, ಮೊಳಕೆಕಾಳು, ಹುದುಗಿದ ರಾಗಿಅಂಬಲಿ, ಮೇಲೆ ಹಿಂಡಿದ ನಿಂಬೆಹುಳಿ, ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ ಇವು ತಪ್ಪದಿರಲಿ. ಐದು ದಿನಕ್ಕೊಮ್ಮೆ ಹೊಸದಾಗುವ ಆ ಪದರಕ್ಕೆ ಕಟ್ಟಡದ ಸಾಮಾನು ಬೇಕಾದೀತು.